ಹಾಡು, ಜಾಹೀರಾತು, ಸಿನಿಮಾ: ಛಾಯಾಗ್ರಾಹಕರಿಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಮ್ಯೂಸಿಕ್ ವಿಡಿಯೋ, ಜಾಹೀರಾತು, ಸಿನಿಮಾ ಮೂರರಲ್ಲೂ ಕೆಲಸ ಮಾಡಿದವರು ಸಿಕ್ಕರೆ ಜನ ಕೇಳುವ ಪ್ರಶ್ನೆಗಳು ಹೆಚ್ಚು ಕಡಿಮೆ ಅವೇ. ಮಾತಿನ ನಡುವೆ, ಪತ್ರಗಳಲ್ಲಿ, ಶೂಟಿಂಗ್ ಬಿಡುವಿನಲ್ಲಿ ನನಗೆ ಬಂದವನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಕೇಳಿದವರ ಮಾತನ್ನು ಹಾಗೇ ಬಿಟ್ಟಿದ್ದೇನೆ. ಮೊದಲು ಸುಲಭದವು, ಆಮೇಲೆ ಒಳಗಿನವು. ಬೇಕಾದ್ದಕ್ಕೆ ನೇರ ಹೋಗಿ.

## ಶುರುವಿನ ಪ್ರಶ್ನೆಗಳು

ಸಿನಿಮಾಟೋಗ್ರಾಫರ್ ಅಂದ್ರೆ ಕ್ಯಾಮೆರಾ ಹಿಡಿಯೋರು ತಾನೆ?

ಎಷ್ಟೋ ಸೆಟ್‌ಗಳಲ್ಲಿ ಕ್ಯಾಮೆರಾ ಹಿಡಿಯುವವರು ಬೇರೆಯೇ ಇರುತ್ತಾರೆ. ಅವರು ಆಪರೇಟರ್. ಫೋಕಸ್ ಎಳೆಯುವವರು ಫಸ್ಟ್ ಅಸಿಸ್ಟೆಂಟ್. ಲೈಟ್ ತಂಡಕ್ಕೆ ಗ್ಯಾಫರ್ ಮುಖ್ಯಸ್ಥರು. ಟ್ರ್ಯಾಕ್, ಡಾಲಿ, ಕ್ರೇನ್ ಗ್ರಿಪ್‌ಗಳ ಜವಾಬ್ದಾರಿ. ಡಿಜಿಟಲ್ ಬಂದ ಮೇಲೆ ಡೇಟಾ ಮತ್ತು ಮಾನಿಟರ್ ನೋಡಿಕೊಳ್ಳಲು ಡಿಐಟಿ ಸೇರಿಕೊಂಡರು. ಬೆಳಕು ಎಲ್ಲಿಂದ ಬರಬೇಕು, ಯಾವ ಲೆನ್ಸ್, ಕ್ಯಾಮೆರಾ ಯಾಕೆ ಅಲುಗಬೇಕು, ನೆರಳು ಎಷ್ಟು ಕಪ್ಪಾಗಬೇಕು ಎಂದು ನಿರ್ದೇಶಕರ ಜೊತೆ ಕೂತು ತೀರ್ಮಾನಿಸುವುದು ಛಾಯಾಗ್ರಾಹಕರ ಕೆಲಸ. ಚಿಕ್ಕ ಮ್ಯೂಸಿಕ್ ವಿಡಿಯೋ ಆದರೆ ಮೇಲೆ ಹೇಳಿದ ನಾಲ್ಕೈದು ಜನರ ಕೆಲಸವನ್ನು ನೀವೊಬ್ಬರೇ ಮಾಡುತ್ತಿರುತ್ತೀರಿ, ಅದು ಬೇರೆ ವಿಷಯ.

ಮೂರರಲ್ಲೂ ಅದೇ ಕ್ಯಾಮೆರಾ, ಅದೇ ಲೈಟು. ಮತ್ತೆ ವ್ಯತ್ಯಾಸ ಏನು?

ಸಾಮಾನು ಒಂದೇ. ಮಾತು ಕೇಳಬೇಕಾದ ಯಜಮಾನರು ಬೇರೆ.

ಮ್ಯೂಸಿಕ್ ವಿಡಿಯೋದಲ್ಲಿ ಹಾಡು ನೀವು ಬರುವ ಮೊದಲೇ ಮುಗಿದಿರುತ್ತದೆ. ಉದ್ದ ಗೊತ್ತು, ಲಯ ಗೊತ್ತು. ಅದಕ್ಕೆ ಹೊಂದುವ ಚಿತ್ರ ಹುಡುಕಬೇಕು, ಕಥೆ ಇಲ್ಲದಿದ್ದರೂ ನಡೆಯುತ್ತದೆ. ಜಾಹೀರಾತಿನಲ್ಲಿ ಫ್ರೇಮ್‌ಗಳೇ ಮೊದಲು ತೀರ್ಮಾನವಾಗಿರುತ್ತವೆ. ಸ್ಟೋರಿಬೋರ್ಡಿಗೆ ಹತ್ತಾರು ಜನ ಒಪ್ಪಿಗೆ ಕೊಟ್ಟಿರುತ್ತಾರೆ. ನೀವು ಅದನ್ನು ಅವರು ಊಹಿಸಿದ್ದಕ್ಕಿಂತ ಚೆನ್ನಾಗಿ ಮಾಡಿ ಕೊಡಬೇಕು. ಸಿನಿಮಾದಲ್ಲಿ ದೃಶ್ಯವೇ ಯಜಮಾನ. ನಟರು ಆ ಹೊತ್ತಿಗೆ ಏನು ಮಾಡುತ್ತಾರೆ, ಹಿಂದಿನ ದೃಶ್ಯದಲ್ಲಿ ಏನಾಯಿತು, ಮುಂದೆ ಏನಾಗಲಿದೆ ಎಂಬುದರ ಮೇಲೆ ನಿಮ್ಮ ಬೆಳಕು ನಿಲ್ಲುತ್ತದೆ. ಒಂದರಲ್ಲಿ ಹೊಗಳಿಸಿಕೊಂಡ ಶಾಟ್ ಇನ್ನೊಂದರಲ್ಲಿ ತೊಡಕಾಗಬಹುದು. ಕೆಳಗಿನ ಬಹಳಷ್ಟು ಉತ್ತರಗಳು ಇಲ್ಲಿಂದಲೇ ಹುಟ್ಟುತ್ತವೆ.

ಫಿಲ್ಮ್ ಸ್ಕೂಲ್‌ಗೆ ಹೋಗಲೇಬೇಕಾ?

ಬೇಕೇ ಬೇಕು ಅಂತೇನಿಲ್ಲ. ಶಾಲೆ ಕೊಡುವ ದೊಡ್ಡ ಲಾಭ ಜೊತೆಗಾರರು. ಇವತ್ತು ನಿಮ್ಮ ಪಕ್ಕ ಕೂತವರು ನಾಳೆ ನಿರ್ದೇಶಕರಾಗುತ್ತಾರೆ. ಶಾಲೆಗೆ ಹೋಗದವರು ಬಾಡಿಗೆ ಕ್ಯಾಮೆರಾ ಅಂಗಡಿಯಲ್ಲಿ ಕೆಲಸಕ್ಕೆ ಸೇರುವುದು ಒಳ್ಳೆಯ ದಾರಿ. ಲೆನ್ಸ್ ಬಿಚ್ಚಿ ಜೋಡಿಸುವುದು, ಕ್ಯಾಮೆರಾ ಟೆಸ್ಟ್ ಮಾಡುವುದು ಅಲ್ಲಿ ಬರುತ್ತದೆ. ಊರಿನ ಎಲ್ಲಾ ಛಾಯಾಗ್ರಾಹಕರೂ ಒಂದಲ್ಲ ಒಂದು ದಿನ ಆ ಬಾಗಿಲಿಗೆ ಬರುತ್ತಾರೆ. ಲೈಟ್ ತಂಡದಿಂದ ಮೇಲೆ ಬಂದವರೂ ಇದ್ದಾರೆ. ಮುಖದ ಮೇಲೆ ಬೆಳಕು ಹೇಗೆ ಕೂರುತ್ತದೆ ಎನ್ನುವುದರಲ್ಲಿ ಅವರನ್ನು ಮೀರಿಸುವುದು ಕಷ್ಟ.

ಯಾವ ಕ್ಯಾಮೆರಾ ತಗೊಳ್ಳಲಿ?

ಕೈಯಲ್ಲಿ ಇರುವುದು ಸಾಕು. ದುಡ್ಡು ಉಳಿದಿದ್ದರೆ ಎರಡು ಒಳ್ಳೆಯ ಲೈಟು, ದೊಡ್ಡ ಬಿಳಿ ಬಟ್ಟೆ, ದೊಡ್ಡ ಕರಿ ಬಟ್ಟೆ ತಗೊಳ್ಳಿ. ದೊಡ್ಡ ಕೆಲಸಗಳಲ್ಲಿ ಕ್ಯಾಮೆರಾ ಹೇಗೂ ಬಾಡಿಗೆಗೆ ಬರುತ್ತದೆ.

ಗಣಿತ, ಫಿಸಿಕ್ಸ್ ಎಷ್ಟು ಬರಬೇಕು?

ಸ್ವಲ್ಪವೇ, ಆದರೆ ಅಷ್ಟು ಬಾಯಿಗೆ ಬರಬೇಕು. ಒಂದು ಸ್ಟಾಪ್ ಎಂದರೆ ಬೆಳಕು ಎರಡರಷ್ಟು ಅಥವಾ ಅರ್ಧ. ಅಪರ್ಚರ್, ಅಂದರೆ ಲೆನ್ಸ್ ಒಳಗೆ ಬೆಳಕು ಬರುವ ತೂತು, 2.8ರಿಂದ 4ಕ್ಕೆ ಹೋದರೆ ಅರ್ಧ ಬೆಳಕು ಹೋಯಿತು. ಚಿಕ್ಕ ಲೈಟನ್ನು ಎರಡರಷ್ಟು ದೂರ ಇಟ್ಟರೆ ಸಿಗುವುದು ಕಾಲು ಭಾಗ, ಅಂದರೆ ಎರಡು ಸ್ಟಾಪ್ ಕಡಿಮೆ. ಇದನ್ನು ಸುಮ್ನೆ ನಿಯಮವಾಗಿ ನೋಡಬೇಡಿ. ಲೈಟ್ ನಟರಿಗೆ ತೀರಾ ಹತ್ತಿರವಿದ್ದರೆ ಅವರು ಎರಡು ಹೆಜ್ಜೆ ಇಟ್ಟ ಕೂಡಲೇ ಮುಖ ಕಪ್ಪಾಗುತ್ತದೆ. ಅದೇ ಲೈಟ್ ಕಿಟಕಿಯಾಚೆ ದೂರದಲ್ಲಿದ್ದರೆ ಅವರು ಕೋಣೆಯಿಡೀ ಓಡಾಡಬಹುದು. ಸೂರ್ಯ ಬಹಳ ದೂರ ಇರುವುದರಿಂದಲೇ ಬಿಸಿಲು ಅಂಗಳದ ಈ ಕೊನೆಗೂ ಆ ಕೊನೆಗೂ ಒಂದೇ ತರ ಬೀಳುತ್ತದೆ. ದೊಡ್ಡ ಸೆಟ್‌ಗಳಲ್ಲಿ ಲೈಟ್‌ಗಳನ್ನು ಯಾಕೆ ಅಷ್ಟು ದೂರ, ಅಷ್ಟು ಎತ್ತರ ಏರಿಸುತ್ತಾರೆ ಅನ್ನೋದಕ್ಕೆ ಕಾರಣ ಇದೇ.

## ಮ್ಯೂಸಿಕ್ ವಿಡಿಯೋ

ಎಲ್ರೂ ಮ್ಯೂಸಿಕ್ ವಿಡಿಯೋದಿಂದಲೇ ಯಾಕೆ ಶುರು ಮಾಡ್ತಾರೆ?

ಎಲ್ಲರೂ ಅಲ್ಲ. ಹೆಸರಾಂತ ಛಾಯಾಗ್ರಾಹಕ ರಾಜರ್ ಡೀಕಿನ್ಸ್ ಡಾಕ್ಯುಮೆಂಟರಿಗಳಿಂದ ಬಂದವರು. ಆದರೆ ಹೊಸಬರನ್ನು ನಂಬಿ ಕೆಲಸ ಕೊಡುವ ಜಾಗ ಇದು ಎನ್ನುವುದು ನಿಜ. ಶೂಟಿಂಗ್ ಒಂದೆರಡು ದಿನದ್ದು. ಡೈಲಾಗ್ ರೆಕಾರ್ಡ್ ಮಾಡುವ ಗೋಜಿಲ್ಲ. ಹೆಚ್ಚು ಕಡಿಮೆಯಾದರೂ ಸಿನಿಮಾದಷ್ಟು ನಷ್ಟವಿಲ್ಲ. ಮುಖ್ಯವಾಗಿ, ವಿಚಿತ್ರವಾಗಿ ಕಾಣುವುದನ್ನು ಇಲ್ಲಿ ಬೈಯುವುದಿಲ್ಲ, ಕೇಳಿ ಪಡೆಯುತ್ತಾರೆ.

1981ರ ಆಗಸ್ಟ್‌ನಲ್ಲಿ ಎಂಟಿವಿ ಶುರುವಾದ ಮೇಲೆ ಈ ದಾರಿ ದೊಡ್ಡದಾಯಿತು. ಹ್ಯಾರಿಸ್ ಸವೈಡ್ಸ್ 1990ರ ದಶಕದಲ್ಲಿ ಮ್ಯೂಸಿಕ್ ವಿಡಿಯೋ ಛಾಯಾಗ್ರಹಣಕ್ಕೆ ಎಂಟಿವಿ ಪ್ರಶಸ್ತಿಯನ್ನು ಮೂರು ಸಲ ಪಡೆದರು. ಅದೇ ವ್ಯಕ್ತಿ ಆಮೇಲೆ ಡೇವಿಡ್ ಫಿಂಚರ್, ಗಸ್ ವ್ಯಾನ್ ಸ್ಯಾಂಟ್ ಅವರ ಸಿನಿಮಾಗಳಲ್ಲಿ ಎಷ್ಟು ಕಡಿಮೆ ಲೈಟು ಸಾಧ್ಯವೋ ಅಷ್ಟರಲ್ಲಿ ಕೆಲಸ ಮಾಡಿ ಹೆಸರಾದರು. ಥಳುಕಿನಿಂದ ಮೌನದ ಕಡೆಗೆ ಹೋದ ದಾರಿ ಅದು. ಡ್ಯಾನಿಯಲ್ ಪರ್ಲ್ ಅವರದ್ದು ಇದಕ್ಕೆ ತಿರುಗುಮುರುಗು. 1974ರಲ್ಲಿ ಬಂದ, ಈಗಲೂ ಜನ ಹೆದರಿಕೊಂಡು ನೋಡುವ ಒಂದು ಹಾರರ್ ಸಿನಿಮಾವನ್ನು ಅವರು ಇಪ್ಪತ್ತರ ಹರೆಯದಲ್ಲೇ ಶೂಟ್ ಮಾಡಿದರು. ನಂತರ ಮ್ಯೂಸಿಕ್ ವಿಡಿಯೋಗಳಲ್ಲಿ ದೊಡ್ಡ ಹೆಸರಾದರು. 1984ರಲ್ಲಿ ಎಂಟಿವಿ ಮೊದಲ ಬಾರಿಗೆ ಛಾಯಾಗ್ರಹಣ ಪ್ರಶಸ್ತಿ ಕೊಟ್ಟಾಗ ಅದು ಅವರಿಗೇ ಹೋಯಿತು. ಹಾಗಾಗಿ ಇದನ್ನು ಕೆಳಗಿನ ಮೆಟ್ಟಿಲು, ಸಿನಿಮಾವನ್ನು ಮೇಲಿನ ಮೆಟ್ಟಿಲು ಎಂದುಕೊಳ್ಳಬೇಡಿ.

ಹಾಡೋರು ಸ್ಲೋ ಮೋಷನ್‌ನಲ್ಲಿ ನಡೀತಿರ್ತಾರೆ, ಆದ್ರೆ ತುಟಿ ಹಾಡಿಗೆ ಸರಿಯಾಗಿ ಕೂಡತ್ತೆ. ಅದು ಹೇಗೆ?

ನನಗೆ ಇಷ್ಟದ ಪ್ರಶ್ನೆ. ಸೆಟ್‌ನಲ್ಲಿ ಹಾಡನ್ನು ವೇಗವಾಗಿ ಹಾಕುತ್ತಾರೆ.

ನೋಡುವಾಗ ಸೆಕೆಂಡಿಗೆ 24 ಫ್ರೇಮ್. ಶೂಟ್ ಮಾಡುವಾಗ 48 ಫ್ರೇಮ್ ತೆಗೆದರೆ ಎಲ್ಲವೂ ಅರ್ಧ ವೇಗಕ್ಕೆ ಇಳಿಯುತ್ತದೆ. ಆದ್ದರಿಂದ ಸೆಟ್‌ನಲ್ಲಿ ಹಾಡು ಎರಡರಷ್ಟು ವೇಗದಲ್ಲಿ ಓಡಬೇಕು. 4 ನಿಮಿಷದ ಹಾಡು 2 ನಿಮಿಷಕ್ಕೆ ಮುಗಿಯುತ್ತದೆ. ಹಾಡುವವರು ಆ ವೇಗಕ್ಕೆ ತುಟಿ ಆಡಿಸುತ್ತಾರೆ. ಆಮೇಲೆ 24ಕ್ಕೆ ಇಳಿಸಿದಾಗ ತುಟಿ ಮಾಮೂಲಿ ಹಾಡಿಗೆ ಕೂಡುತ್ತದೆ. ಕೂದಲು, ಬಟ್ಟೆ, ನೀರಿನ ಹನಿ ಮಾತ್ರ ನಿಧಾನವಾಗಿ ತೇಲುತ್ತವೆ. ಅಷ್ಟೊಂದು ತೇಲುವುದು ಬೇಡ ಅಂದರೆ 30 ಫ್ರೇಮ್‌ಗೆ ಹೋಗಿ ಹಾಡನ್ನು ಶೇಕಡಾ 125ರ ವೇಗದಲ್ಲಿ ಹಾಕುತ್ತೇವೆ. ನೋಡುವವರಿಗೆ ಏನೋ ಬೇರೆ ಇದೆ ಅನಿಸುತ್ತದೆ, ಏನು ಅಂತ ಗೊತ್ತಾಗುವುದಿಲ್ಲ.

ಎರಡು ತೊಡಕುಗಳಿವೆ. ಒಂದು, 48 ಫ್ರೇಮ್‌ಗೆ ಹೋದರೆ ಪ್ರತಿ ಫ್ರೇಮ್‌ಗೆ ಸಿಗುವ ಹೊತ್ತು ಅರ್ಧವಾಗುತ್ತದೆ, ಒಂದು ಸ್ಟಾಪ್ ಬೆಳಕು ಜಾಸ್ತಿ ಬೇಕು. ಇನ್ನೊಂದು, ದುಪ್ಪಟ್ಟು ವೇಗದಲ್ಲಿ ಹಾಡುವಾಗ ಮುಖದ ಭಾವ ಓಡಿ ಹೋಗುತ್ತದೆ. ಅನುಭವ ಇರುವ ಗಾಯಕರು ತುಟಿಯನ್ನು ಓಡಿಸುತ್ತಾರೆ, ಕಣ್ಣನ್ನು ನಿಧಾನವಾಗಿ ಇಟ್ಟುಕೊಳ್ಳುತ್ತಾರೆ. ಇದಕ್ಕೆ ಹಿಂದಿನ ದಿನ ಅಭ್ಯಾಸ ಬೇಕು. ಪ್ಲೇಬ್ಯಾಕ್ ಫೈಲ್‌ಗಳನ್ನು ಬೇರೆ ಬೇರೆ ವೇಗಕ್ಕೆ ಮೊದಲೇ ಮಾಡಿಸಿಟ್ಟುಕೊಳ್ಳಿ. ಸೆಟ್‌ಗೆ ಬಂದು ಮಾಡಿಸಲು ಹೋದರೆ ಎಲ್ಲರೂ ಕಾಯುತ್ತಾ ಕೂರಬೇಕಾಗುತ್ತದೆ.

ಬಜೆಟ್ಟೇ ಇಲ್ಲ. ಏನ್ ಮಾಡ್ಲಿ?

ಒಂದೇ ಯೋಚನೆ ಇಟ್ಟುಕೊಳ್ಳಿ, ಅದನ್ನು ಪೂರ್ತಿ ಮಾಡಿ. ಹತ್ತು ಲೊಕೇಶನ್ ಬದಲು ಒಂದು ಕೋಣೆ. ಹತ್ತು ಲೈಟ್ ಬದಲು ಸರಿಯಾದ ಜಾಗದಿಂದ ಬರುವ ಒಂದು ಲೈಟು. ಬಿಸಿಲು ಪುಕ್ಕಟೆ, ಕನ್ನಡಿ ಅಗ್ಗ. 1959ರಲ್ಲಿ ಛಾಯಾಗ್ರಾಹಕ ವಿ.ಕೆ. ಮೂರ್ತಿ ಗುರುದತ್ ಅವರ ಸಿನಿಮಾಕ್ಕಾಗಿ ಸ್ಟುಡಿಯೋ ಹೊರಗಿನ ಬಿಸಿಲನ್ನು ಕನ್ನಡಿಗಳಿಂದ ಒಳಗೆ ತಂದು ಕತ್ತಲೆಯಲ್ಲಿ ಒಂದು ಬೆಳಕಿನ ಕಂಬವನ್ನೇ ನಿಲ್ಲಿಸಿದರು. ಯಾವ ಸ್ಟುಡಿಯೋ ಲೈಟಿನಿಂದಲೂ ಅಷ್ಟು ನೇರ ಕಿರಣ ಬರುತ್ತಿರಲಿಲ್ಲ. ಗಾಳಿಯಲ್ಲಿ ಸ್ವಲ್ಪ ಹೊಗೆ ಅಥವಾ ಧೂಳು ಇದ್ದರಷ್ಟೇ ಕಿರಣ ಕಾಣುತ್ತದೆ ಎನ್ನುವುದು ನೆನಪಿರಲಿ.

## ಜಾಹೀರಾತು

30 ಸೆಕೆಂಡ್ ಆಡ್‌ಗೆ ಎರಡು ಮೂರು ದಿನ ಶೂಟಿಂಗಾ? ಏನ್ ಮಾಡ್ತೀರಿ ಅಷ್ಟೊತ್ತು?

ಒಂದು ಬಾಟಲಿ ತಗೊಳ್ಳಿ. ಗಾಜು ತನ್ನ ಸುತ್ತ ಇರುವ ಎಲ್ಲವನ್ನೂ ತೋರಿಸುತ್ತದೆ: ಲೈಟು, ಕ್ಯಾಮೆರಾ, ನಿಮ್ಮ ಅಂಗಿ. ಆದ್ದರಿಂದ ಬಾಟಲಿಗೆ ಲೈಟ್ ಮಾಡುವುದು ಅಂದರೆ ಅದರಲ್ಲಿ ಏನು ಪ್ರತಿಫಲಿಸಬೇಕು ಎಂದು ತೀರ್ಮಾನಿಸುವುದು. ಎರಡು ಅಂಚಿಗೂ ಉದ್ದನೆಯ ಮೃದು ಗೆರೆ ಬೇಕು, ಅದಕ್ಕೆ ಎರಡು ಬಿಳಿ ಪರದೆ. ಒಳಗಿನ ಪಾನೀಯ ಕಪ್ಪಾಗಿ ಕಾಣಬಾರದು, ಅದಕ್ಕೆ ಬಾಟಲಿಯದೇ ಆಕಾರಕ್ಕೆ ಕತ್ತರಿಸಿದ ರಿಫ್ಲೆಕ್ಟರ್ ಹಿಂದೆ ಅಡಗಿ ಕೂರುತ್ತದೆ. ಲೇಬಲ್‌ಗೆ ಬೇರೆ ಲೈಟು. ನಿಜವಾದ ತಣ್ಣೀರಿನ ಬೆವರು ಲೈಟಿನ ಬಿಸಿಗೆ ಇಳಿದು ಹೋಗುತ್ತದೆ. ಅದಕ್ಕೆ ಗ್ಲಿಸರಿನ್ ಬೆರೆಸಿದ ನೀರನ್ನು ಸಿಂಪಡಿಸುತ್ತಾರೆ, ಹನಿಗಳು ಇದ್ದಲ್ಲೇ ಇರುತ್ತವೆ. ಐಸ್ ಎಷ್ಟೋ ಸಲ ಅಕ್ರಿಲಿಕ್‌ನದ್ದು. ಇಷ್ಟಾದ ಮೇಲೆ ಮುಚ್ಚಳ ಹಾರುವ ಶಾಟ್ ಬರುತ್ತದೆ.

ಆ ಶಾಟ್‌ಗೆ ಹೈಸ್ಪೀಡ್ ಕ್ಯಾಮೆರಾ, ಸೆಕೆಂಡಿಗೆ 1000 ಫ್ರೇಮ್ ಅಂದುಕೊಳ್ಳಿ. 24ಕ್ಕೆ ಹೋಲಿಸಿದರೆ ಐದು ಸ್ಟಾಪ್‌ಗಿಂತ ಜಾಸ್ತಿ, ಅಂದರೆ ಸುಮಾರು 40 ಪಟ್ಟು ಬೆಳಕು ಬೇಕು. ಅಷ್ಟು ಬೆಳಕಿಗೆ ಚಾಕಲೇಟ್ ಕರಗುತ್ತದೆ, ಐಸ್‌ಕ್ರೀಮ್ ಕೇಳುವುದೇ ಬೇಡ. ಒಂದು ಸೆಕೆಂಡಿನ ಘಟನೆ ಪರದೆಯ ಮೇಲೆ 40 ಸೆಕೆಂಡ್ ದಾಟುತ್ತದೆ. ನಿಮಗೆ ಬೇಕಾದ್ದು ಅದರಲ್ಲಿ ಎರಡು ಸೆಕೆಂಡ್. ನೊರೆ ಸರಿಯಾದ ಕಡೆ ಚಿಮ್ಮುವವರೆಗೂ ಒರೆಸುವುದು, ಮತ್ತೆ ಇಡುವುದು, ಮತ್ತೆ ಹಾರಿಸುವುದು. ಅಷ್ಟೊತ್ತಿಗೆ ಮಧ್ಯಾಹ್ನದ ಊಟ ತಣ್ಣಗಾಗಿರುತ್ತದೆ.

ಕ್ಲೈಂಟ್ ಹಿಂದೆ ಕೂತು 'ಇನ್ನೂ ಬ್ರೈಟ್ ಮಾಡಿ' ಅಂದ್ರೆ?

ಮೊದಲು ಅವರು ನೋಡುತ್ತಿರುವ ಮಾನಿಟರ್ ನೋಡಿ. ಬಿಸಿಲಿಗೆ ಮುಖ ಮಾಡಿಟ್ಟ ಮಾನಿಟರ್‌ನಲ್ಲಿ ಯಾವ ಚಿತ್ರವೂ ಕಪ್ಪಾಗಿಯೇ ಕಾಣುತ್ತದೆ. ಒಂದು ಕರಿ ಟೆಂಟ್, ಸರಿಯಾಗಿ ಹೊಂದಿಸಿದ ಸ್ಕ್ರೀನ್ ಇದ್ದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ. ಕ್ಯಾಮೆರಾದಿಂದ ಬರುವ, ಬಣ್ಣ ಇನ್ನೂ ಹೊಂದಿಸದ ಚಪ್ಪಟೆ ಲಾಗ್ ಚಿತ್ರವನ್ನು ಅವರಿಗೆ ಯಾವತ್ತೂ ತೋರಿಸಬೇಡಿ. ಒಪ್ಪಿದ ಲುಕ್‌ನ ಲಟ್ (ಚಿತ್ರಕ್ಕೆ ಆ ಬಣ್ಣ, ಕಾಂಟ್ರಾಸ್ಟ್ ಕೊಡುವ ಫೈಲ್) ಹಾಕಿಯೇ ತೋರಿಸಿ.

ಆಮೇಲೂ ಅದೇ ಮಾತು ಬಂದರೆ ಏನು ಕಾಣುತ್ತಿಲ್ಲ ಎಂದು ಕೇಳಿ. ಬಹಳ ಸಲ ಅವರಿಗೆ ಬೇಕಿರುವುದು ಇಡೀ ಫ್ರೇಮ್‌ನ ಬೆಳಕಲ್ಲ, ಪ್ಯಾಕೆಟ್‌ನ ಬಣ್ಣ. ಬ್ರಾಂಡ್‌ಗಳಿಗೆ ತಮ್ಮ ಕೆಂಪು, ತಮ್ಮ ನೀಲಿ ಅಳತೆ ಮಾಡಿಟ್ಟ ಬಣ್ಣಗಳು. ಪ್ಯಾಕೆಟ್ ಮೇಲೆ ಮಾತ್ರ ಒಂದು ಚಿಕ್ಕ ಲೈಟ್ ಹಾಕಿದರೆ ಮಿಕ್ಕ ನೆರಳು ಉಳಿಯುತ್ತದೆ. ಇನ್ನೊಂದು ಶಿಸ್ತು: ಮಾತು ನಿರ್ದೇಶಕರ ಮೂಲಕವೇ ಬರಲಿ. ಏಜೆನ್ಸಿಯವರು ಒಂದು, ಕ್ಲೈಂಟ್ ಇನ್ನೊಂದು ಅಂತ ನೇರವಾಗಿ ನಿಮ್ಮ ಕಿವಿಗೆ ಹೇಳತೊಡಗಿದರೆ ಆ ದಿನ ಮುಗಿದ ಹಾಗೆ.

ಆಡ್ ಮಾಡಿದ್ರೆ ಕೈ ಕೆಡತ್ತೆ, ಕಲೆ ಹೋಗತ್ತೆ ಅಂತಾರೆ. ನಿಜಾನಾ?

ನನಗೆ ಹಾಗನಿಸಿಲ್ಲ. ಹೊಸ ಲೆನ್ಸ್, ಹೊಸ ಲೈಟು, ರೋಬೋಟ್ ತೋಳಿನ ಮೋಷನ್ ಕಂಟ್ರೋಲ್ ಎಲ್ಲಾ ಬಹಳ ಜನರ ಕೈಗೆ ಮೊದಲು ಸಿಗುವುದು ಜಾಹೀರಾತಿನಲ್ಲೇ. ಬೇರೆಯವರ ದುಡ್ಡಿನಲ್ಲಿ ಕಲಿಯುವುದು ಅಂದರೆ ಇದು. ನಿಖರತೆ ಬರುತ್ತದೆ, ಗ್ಯಾಫರ್ ಜೊತೆ ಕಡಿಮೆ ಮಾತಲ್ಲಿ ಕೆಲಸ ಮುಗಿಸುವುದು ಬರುತ್ತದೆ.

ಆದರೆ ಒಂದು ಚಟ ಹತ್ತುತ್ತದೆ. ಪ್ರತಿ ಶಾಟ್ ಸುಂದರವಾಗಿರಬೇಕು, ಪ್ರತಿ ಮುಖ ಹೊಳೆಯಬೇಕು ಎನ್ನುವ ಚಟ. ಸಿನಿಮಾಕ್ಕೆ ಅದನ್ನು ಹೊತ್ತುಕೊಂಡು ಬಂದರೆ ಬಡವರ ಮನೆಯ ಗೋಡೆಯೂ ಮಾರಾಟಕ್ಕಿಟ್ಟ ಹಾಗೆ ಕಾಣುತ್ತದೆ.

ದುಡ್ಡು ಯಾವುದರಲ್ಲಿ ಜಾಸ್ತಿ?

ದಿನದ ಲೆಕ್ಕದಲ್ಲಿ ಜಾಹೀರಾತು. ಸಿನಿಮಾ ದಿನಕ್ಕೆ ಕಡಿಮೆ ಕೊಡುತ್ತದೆ, ತಿಂಗಳುಗಟ್ಟಲೆ ಕೊಡುತ್ತದೆ. ಮ್ಯೂಸಿಕ್ ವಿಡಿಯೋ ಸಾಮಾನ್ಯವಾಗಿ ಕೊನೆಗೆ. ಜಾಹೀರಾತಿನ ಸಂಪಾದನೆಯಲ್ಲಿ ಮನೆ ನಡೆಸಿ, ಚಿಕ್ಕ ಸಿನಿಮಾಗಳನ್ನು ಇಷ್ಟಪಟ್ಟು ಮಾಡುವವರು ಬಹಳ. ದುಡ್ಡು ತಡವಾಗಿ ಬರುವುದು ಮೂರರಲ್ಲೂ ಸಮಾನ. ಮುಂಗಡ ಎಷ್ಟು, ಉಳಿದದ್ದು ಯಾವಾಗ, ಶೂಟಿಂಗ್ ರದ್ದಾದರೆ ಏನು ಎಂದು ಬರಹದಲ್ಲಿ ತಗೊಳ್ಳಿ.

## ಸಿನಿಮಾ

ಆಡ್‌ನಲ್ಲಿ ಅಷ್ಟು ಚೆನ್ನಾಗಿ ಮಾಡೋರು ಸಿನಿಮಾದಲ್ಲಿ ಯಾಕೆ ಒದ್ದಾಡ್ತಾರೆ?

ಒಂದು ಚೆಂದದ ಫ್ರೇಮ್ ಮಾಡುವುದಕ್ಕಿಂತ ಇಪ್ಪತ್ತು ಫ್ರೇಮ್‌ಗಳನ್ನು ಒಂದೇ ಹೊತ್ತಿನ ಹಾಗೆ ಕಾಣಿಸುವುದು ಕಷ್ಟ, ಅದಕ್ಕೆ.

ಕಿಟಕಿ ಪಕ್ಕ ಇಬ್ಬರು ಮಾತಾಡುವ ಮೂರು ನಿಮಿಷದ ದೃಶ್ಯ ಅಂದುಕೊಳ್ಳಿ. ಬೆಳಿಗ್ಗೆ ವೈಡ್ ತೆಗೆದಿರಿ. ಒಬ್ಬರ ಕ್ಲೋಸಪ್ ಮುಗಿಯುವಾಗ ಮಧ್ಯಾಹ್ನ. ಇನ್ನೊಬ್ಬರ ಕಡೆ ತಿರುಗುವಷ್ಟರಲ್ಲಿ ಸೂರ್ಯ ಮನೆಯ ಆ ಕಡೆ ಹೋಗಿರುತ್ತಾನೆ. ಗಂಟೆಗೆ 15 ಡಿಗ್ರಿ ಸರಿಯುತ್ತಲೇ ಇರುತ್ತಾನೆ, ಯಾರಿಗೂ ಕಾಯುವುದಿಲ್ಲ. ಪರದೆಯ ಮೇಲೆ ಇದೆಲ್ಲಾ ಅದೇ ಮೂರು ನಿಮಿಷ. ಆದ್ದರಿಂದ ಬೆಳಿಗ್ಗೆ ಎಂಟಕ್ಕೆ ಒಪ್ಪಿಕೊಂಡ ಬೆಳಕು ಸಂಜೆ ಐದಕ್ಕೂ ಮಾಡಲು ಬರುವಂತಿರಬೇಕು. ಯಾವ ದಿಕ್ಕನ್ನು ಮೊದಲು ತೆಗೆಯಬೇಕು ಎಂಬ ಲೆಕ್ಕವೇ ಅರ್ಧ ಛಾಯಾಗ್ರಹಣ. ಬಿಸಿಲು ಇರುವ ಕಡೆಯ ವೈಡ್ ಮೊದಲು. ಕ್ಲೋಸಪ್‌ಗಳನ್ನು ಆಮೇಲೆ ಲೈಟ್ ಹಾಕಿ ಉಳಿಸಿಕೊಳ್ಳಬಹುದು.

ಈ ತಲೆನೋವು ಹಳೆಯದು. 1956ರ ಸುಮಾರಿಗೆ ಸುಬ್ರತ ಮಿತ್ರ ಸತ್ಯಜಿತ್ ರಾಯ್ ಅವರ ಸಿನಿಮಾಕ್ಕೆ ಹಳೆ ಮನೆಯೊಂದರ ಅಂಗಳವನ್ನು ಸ್ಟುಡಿಯೋ ಒಳಗೆ ಬೆಳಗಬೇಕಿತ್ತು. ನಿಜವಾದ ಅಂಗಳದಲ್ಲಿ ಆಕಾಶದಿಂದ ನೆರಳಿಲ್ಲದ ಬೆಳಕು ಇಳಿಯುತ್ತದೆ. ಅವರು ಸೆಟ್‌ನ ಮೇಲೆ ಬಿಳಿ ಬಟ್ಟೆ ಎಳೆದು ಕಟ್ಟಿ, ಲೈಟ್‌ಗಳನ್ನು ನಟರ ಕಡೆಗಲ್ಲ, ಬಟ್ಟೆಯ ಕಡೆಗೆ ತಿರುಗಿಸಿದರು. ಇವತ್ತು ಬೌನ್ಸ್ ಲೈಟ್ ಮಾಡದ ಸೆಟ್ ಇಲ್ಲ.

ಇನ್ನೊಂದು ಕಷ್ಟ ನಟರದ್ದು. ಜಾಹೀರಾತಿನ ಮಾಡೆಲ್ ಗುರುತಿನ ಮೇಲೆ ನಿಲ್ಲುತ್ತಾರೆ. ಸಿನಿಮಾ ನಟರು ಅಳುತ್ತಾ ಗುರುತು ದಾಟಿ ಕತ್ತಲೆಗೆ ಹೋಗಬಹುದು. ಆಗ ಕಟ್ ಕೂಗಿಸಬೇಡಿ. ಮುಂದಿನ ಟೇಕ್‌ಗೆ ಬೆಳಕನ್ನು ಅವರ ಹಿಂದೆ ಕಳುಹಿಸಿ, ಇಲ್ಲವೇ ಆ ಕತ್ತಲೆಯೇ ದೃಶ್ಯಕ್ಕೆ ಸರಿ ಎಂದು ಒಪ್ಪಿಕೊಳ್ಳಿ. ನಾನು ಎರಡನೆಯದನ್ನು ಜಾಸ್ತಿ ಆರಿಸುತ್ತೇನೆ. ಲೈಟ್ ಮಾಡಲು ನೀವು ಎರಡು ಗಂಟೆ ತಗೊಂಡರೆ ನಟರಿಗೆ ಉಳಿಯುವುದು ಅರ್ಧ ಗಂಟೆ, ಈ ಲೆಕ್ಕವನ್ನೂ ಮರೆಯಬೇಡಿ.

ಶೂಟಿಂಗ್‌ಗೆ ಮೊದಲು ಏನ್ ಕೆಲಸ ಇರತ್ತೆ ನಿಮಗೆ?

ನನ್ನ ಮಟ್ಟಿಗೆ ಸಿನಿಮಾದ ಲುಕ್ ತೀರ್ಮಾನವಾಗುವುದೇ ಅಲ್ಲಿ. ಸ್ಕ್ರಿಪ್ಟನ್ನು ಮೊದಲ ಸಲ ಪೆನ್ ಇಲ್ಲದೆ ಓದುತ್ತೇನೆ. ಆಮೇಲೆ ಪ್ರತಿ ದೃಶ್ಯಕ್ಕೆ ಹೊತ್ತು, ಹವೆ, ಬೆಳಕಿನ ಮೂಲ ಬರೆದುಕೊಳ್ಳುತ್ತೇನೆ. ರೆಕ್ಕಿಗೆ, ಅಂದರೆ ಶೂಟಿಂಗ್ ಜಾಗ ನೋಡಲು ಹೋದಾಗ ಸೂರ್ಯ ಎಲ್ಲಿ ಹುಟ್ಟಿ ಎಲ್ಲಿ ಮುಳುಗುತ್ತಾನೆ ನೋಡುತ್ತೇನೆ. ಕರೆಂಟ್ ಎಷ್ಟು ಸಿಗುತ್ತದೆ, ಜನರೇಟರ್ ಎಲ್ಲಿ ನಿಲ್ಲಿಸಿದರೆ ಸದ್ದು ಬರುವುದಿಲ್ಲ ಎನ್ನುವುದನ್ನೂ.

ಕಲಾ ನಿರ್ದೇಶಕರ ಜೊತೆಗಿನ ಮಾತೇ ಅತಿ ಮುಖ್ಯ ಅಂತ ನನ್ನ ಅಭಿಪ್ರಾಯ. ಗೋಡೆಗೆ ಬಿಳಿ ಬಣ್ಣ ಹೊಡೆದರೆ ಕೋಣೆಯಿಡೀ ಬೆಳಕು ಚೆಲ್ಲಾಡುತ್ತದೆ. ಅದೇ ಗೋಡೆ ಒಂದೆರಡು ಛಾಯೆ ಗಾಢವಾಗಿದ್ದರೆ ಮುಖ ತಾನಾಗಿ ಎದ್ದು ಬರುತ್ತದೆ. ಟೇಬಲ್ ಲ್ಯಾಂಪ್, ಟ್ಯೂಬ್‌ಲೈಟ್ ಎಲ್ಲಿ ಇರಬೇಕೆಂದು ಆಗಲೇ ಹೇಳಿದರೆ ಶೂಟಿಂಗ್ ದಿನ ಒಂದು ಲಾರಿ ಲೈಟ್ ಉಳಿಯುತ್ತದೆ. ಕೊನೆಗೆ ಟೆಸ್ಟ್. ಅದೇ ನಟರು, ಅದೇ ಬಟ್ಟೆ, ಅದೇ ಮೇಕಪ್, ಎರಡು ಮೂರು ಲೆನ್ಸ್ ಸೆಟ್. ಆ ಚಿತ್ರಗಳ ಮೇಲೆ ಬಣ್ಣ ಹೊಂದಿಸುವ ಕಲರಿಸ್ಟ್ ಜೊತೆ ಕೂತು ಲಟ್ ಕಟ್ಟಿಕೊಳ್ಳುವುದು.

ಕಪ್ಪು, ಗೋಧಿ, ಬಿಳಿ, ಎಲ್ಲಾ ಬಣ್ಣದೋರು ಒಂದೇ ಫ್ರೇಮ್‌ನಲ್ಲಿದ್ರೆ ಲೈಟ್ ಹೇಗೆ ಮಾಡ್ತೀರಿ?

ಕೇಳಬೇಕಾದ ಪ್ರಶ್ನೆ. ಬಹಳ ಕಾಲ ಲ್ಯಾಬ್‌ಗಳಲ್ಲಿ ಬಣ್ಣ ಹೊಂದಿಸಲು ಕೊಡಾಕ್‌ನ 'ಶರ್ಲಿ ಕಾರ್ಡ್' ಬಳಸುತ್ತಿದ್ದರು. ಅದರಲ್ಲಿ ಇದ್ದದ್ದು ಬಿಳಿ ಚರ್ಮದ ಹೆಣ್ಣುಮಗಳು. ಎಲ್ಲಾ ಮುಖಗಳನ್ನೂ ಆ ಅಳತೆಗೆ ತಂದು ನೋಡುವ ಅಭ್ಯಾಸ ಹಾಗೆ ಬೆಳೆಯಿತು.

ಕಪ್ಪು ಚರ್ಮಕ್ಕೆ ಎರಡು ಪಟ್ಟು ಲೈಟ್ ಸುರಿಯುವುದು ಉತ್ತರವಲ್ಲ. ಅಂಥ ಚರ್ಮದ ಆಕಾರ ತೋರಿಸುವುದು ಅದರ ಮೇಲಿನ ಹೊಳಪು. ದೊಡ್ಡ ಮೃದು ಬೆಳಕನ್ನು ಪಕ್ಕದಿಂದ ತಂದು, ಅದು ಕೆನ್ನೆ, ಹಣೆಯ ಮೇಲೆ ಪ್ರತಿಫಲಿಸುವ ಹಾಗೆ ಇಟ್ಟರೆ ಮುಖ ತುಂಬಿ ಬರುತ್ತದೆ. ಮೇಕಪ್‌ನವರಿಗೆ ಪೂರ್ತಿ ಪೌಡರ್ ಹಾಕಿ ಹೊಳಪು ಒರೆಸಬೇಡಿ ಎಂದು ಹೇಳಿಡಿ. ಬಿಳಿ ಚರ್ಮದವರ ಮೇಲಿನ ಬೆಳಕನ್ನು ಲೈಟ್ ಮುಂದೆ ನೆಟ್ (ಜಾಲರಿ ಬಟ್ಟೆ) ಹಾಕಿ ಅರ್ಧ ಸ್ಟಾಪ್ ಇಳಿಸುವುದು ಸುಲಭ. ಮತ್ತೆ, ಕಪ್ಪು ಚರ್ಮ ಕಪ್ಪಾಗಿಯೇ ಕಾಣಲಿ. ಬೆಳ್ಳಗೆ ಮಾಡಿ ಎಂದು ಕೇಳುವವರು ಇದ್ದೇ ಇರುತ್ತಾರೆ, ನಾನು ಮಾಡುವುದಿಲ್ಲ.

## ಇನ್ನೂ ಒಳಗಿನ ಪ್ರಶ್ನೆಗಳು

ಫಿಲ್ಮೇ ಚೆಂದವಾ, ಡಿಜಿಟಲ್ಲಾ?

ಈ ವಾದ ಸಾಕಾಗಿದೆ. 35 ಎಂಎಂನ 1000 ಅಡಿ ರೋಲ್ ಫ್ರೇಮ್‌ಗೆ ಮಾಮೂಲಿ ನಾಲ್ಕು ರಂಧ್ರದ ಲೆಕ್ಕದಲ್ಲಿ ಸುಮಾರು 11 ನಿಮಿಷ ಓಡುತ್ತದೆ. ರೋಲ್ ಓಡುವ ಸದ್ದಿಗೆ ಸೆಟ್ ತಾನಾಗಿ ಗಂಭೀರವಾಗುತ್ತಿತ್ತು. 2010ರಲ್ಲಿ ಆರಿ ಕಂಪನಿಯ ಅಲೆಕ್ಸಾ ಬಂದ ಮೇಲೆ ಡಿಜಿಟಲ್‌ನಲ್ಲೂ ಹೈಲೈಟ್ (ಚಿತ್ರದ ತೀರಾ ಬೆಳಕಿರುವ ಭಾಗ) ಮೃದುವಾಗಿ ಇಳಿಯತೊಡಗಿತು, ಬಹಳ ಜನ ಆಗಲೇ ಪಕ್ಷ ಬದಲಿಸಿದರು. ಕಥೆಗೆ ಯಾವುದು ಬೇಕೋ ಅದು. ಬಜೆಟ್ ಒಪ್ಪಿದರೆ.

ಡಿಐನಲ್ಲಿ ಎಲ್ಲಾ ಸರಿ ಮಾಡ್ಬಹುದಲ್ವಾ? ಸೆಟ್‌ನಲ್ಲಿ ಯಾಕಿಷ್ಟು ಒದ್ದಾಟ?

ಡಿಐ ಅಂದರೆ ಶೂಟಿಂಗ್ ಆದ ಮೇಲೆ ಕಂಪ್ಯೂಟರ್‌ನಲ್ಲಿ ಬಣ್ಣ ಹೊಂದಿಸುವುದು, ಅದೇ ಗ್ರೇಡಿಂಗ್. ಅಲ್ಲಿ ಬಣ್ಣ ಬದಲಿಸಬಹುದು, ಕಾಂಟ್ರಾಸ್ಟ್ ಬದಲಿಸಬಹುದು. 2000ದಲ್ಲಿ ಬಂದ ಕೊಯೆನ್ ಸಹೋದರರ ಸಿನಿಮಾ ಒಂದರಲ್ಲಿ ಡೀಕಿನ್ಸ್ ಬೇಸಿಗೆಯ ದಟ್ಟ ಹಸಿರನ್ನು ಒಣಗಿದ ಹಳದಿಗೆ ತಿರುಗಿಸಿದರು. ಇಡೀ ಸಿನಿಮಾವನ್ನು ಡಿಜಿಟಲ್‌ನಲ್ಲಿ ಗ್ರೇಡ್ ಮಾಡಿದ ಮೊದಮೊದಲ ಕೆಲಸಗಳಲ್ಲಿ ಅದೊಂದು.

ಬೆಳಕಿನ ದಿಕ್ಕನ್ನು ಬದಲಿಸುವುದು ಮಾತ್ರ ಅಷ್ಟು ಸುಲಭವಲ್ಲ. ಮೂಗಿನ ನೆರಳು ಎಡಕ್ಕೆ ಬಿದ್ದಿದ್ದರೆ ಎಡಕ್ಕೇ. ಬೆಳಕು ಗಟ್ಟಿಯೋ ಮೃದುವೋ ಎನ್ನುವುದು ಸೆಟ್‌ನಲ್ಲೇ ತೀರ್ಮಾನ. ಸುಟ್ಟು ಹೋದ ಆಕಾಶದಿಂದ ಮೋಡ ವಾಪಸ್ ಬರುವುದಿಲ್ಲ. ಗ್ರೇಡಿಂಗ್ ಕೋಣೆಯಲ್ಲಿ ನೀವು ಇರಲೇಬೇಕು. ಬಹಳ ಸಲ ಆ ದಿನಗಳಿಗೆ ಸಂಬಳ ಇರುವುದಿಲ್ಲ, ಕರೆಯುವುದೂ ಇಲ್ಲ. ಒಪ್ಪಂದದಲ್ಲೇ ಬರೆಸಿ.

ಪರದೆ ಮೇಲೆ ಲೈಟ್ ಮಿಟುಕತ್ತೆ. ಯಾಕೆ?

50 ಹರ್ಟ್ಸ್ ಕರೆಂಟ್‌ನಲ್ಲಿ ಹಳೆ ಟ್ಯೂಬ್‌ಲೈಟ್ ಸೆಕೆಂಡಿಗೆ 100 ಸಲ ಮಿಟುಕುತ್ತದೆ. ಪ್ರತಿ ಫ್ರೇಮ್‌ಗೆ ಎಷ್ಟು ಹೊತ್ತು ಬೆಳಕು ಬೀಳಬೇಕು ಎನ್ನುವುದನ್ನು ಶಟರ್ ತೀರ್ಮಾನಿಸುತ್ತದೆ, ಅದನ್ನು ಡಿಗ್ರಿಯಲ್ಲಿ ಅಳೆಯುತ್ತಾರೆ. 24 ಫ್ರೇಮ್, 180 ಡಿಗ್ರಿ ಶಟರ್ ಎಂದರೆ ಪ್ರತಿ ಫ್ರೇಮ್‌ಗೆ ಸೆಕೆಂಡಿನ 48ನೇ ಒಂದು ಭಾಗ. ಎರಡೂ ತಾಳೆಯಾಗುವುದಿಲ್ಲ. ಶಟರನ್ನು 172.8 ಡಿಗ್ರಿಗೆ ತಂದರೆ ಅದು 50ನೇ ಒಂದು ಭಾಗವಾಗುತ್ತದೆ, ಪ್ರತಿ ಫ್ರೇಮ್‌ಗೂ ಸಮ ಬೆಳಕು ಸಿಗುತ್ತದೆ. 60 ಹರ್ಟ್ಸ್ ಇರುವ ಕಡೆ 144 ಡಿಗ್ರಿ. ಅಗ್ಗದ ಎಲ್ಇಡಿಗಳನ್ನು ಡಿಮ್ ಮಾಡಿದಾಗ ಯಾವ ಲೆಕ್ಕಕ್ಕೂ ಸಿಗದ ಹಾಗೆ ಮಿಟುಕಬಹುದು. ಹೈಸ್ಪೀಡ್ ಶೂಟ್‌ಗೆ ಹೋಗುವ ಮೊದಲು ಪ್ರತಿ ಲೈಟನ್ನೂ ಅದೇ ಫ್ರೇಮ್ ವೇಗದಲ್ಲಿ ಟೆಸ್ಟ್ ಮಾಡಿ.

ಮ್ಯೂಸಿಕ್ ವಿಡಿಯೋದೋರು ಅಂತ ಹೆಸರು ಬಿದ್ರೆ ಸಿನಿಮಾ ಸಿಗಲ್ವಂತೆ. ಶೋರೀಲ್ ಹೇಗೆ ಮಾಡ್ಲಿ?

ಹೆಸರು ಬೀಳುವುದು ನಿಜ. ನಿರ್ಮಾಪಕರಿಗೆ ಅನುಮಾನ ನಿಮ್ಮ ಶಾಟ್‌ಗಳ ಮೇಲಲ್ಲ, ದೃಶ್ಯ ಹಿಡಿದು ನಿಲ್ಲಿಸುತ್ತೀರಾ, ವೇಳೆಗೆ ಮುಗಿಸುತ್ತೀರಾ ಎಂಬುದರ ಮೇಲೆ. ನಿಮ್ಮ ಕೆಲಸದ ತುಣುಕುಗಳಿಗೆ ಹಾಡು ಹಾಕಿ ಪಟಪಟ ಕತ್ತರಿಸಿದ ಶೋರೀಲ್ ಆ ಅನುಮಾನವನ್ನು ಇನ್ನೂ ಜಾಸ್ತಿ ಮಾಡುತ್ತದೆ.

ಸಿನಿಮಾಕ್ಕೆ ಬೇರೆ ರೀಲ್ ಇಡಿ. ಅದರಲ್ಲಿ ಎರಡು ಪೂರ್ತಿ ದೃಶ್ಯ, ಮಾತು ಸಹಿತ. ಅಂಥದ್ದು ಇಲ್ಲದಿದ್ದರೆ ಕಿರುಚಿತ್ರ ಮಾಡಿ. ಜಾಹೀರಾತಿಗೆ ಚಿಕ್ಕದು ಸಾಕು, ವಿಷಯಕ್ಕೆ ತಕ್ಕಂತೆ ಬೇರೆ ಬೇರೆ: ಕಾರು, ಊಟ, ಮುಖ. ಊಟದ ಆಡ್‌ಗೆ ಕಾರಿನ ರೀಲ್ ಕಳುಹಿಸಿದರೆ ಪೂರ್ತಿ ನೋಡುವುದಿಲ್ಲ. ಇಷ್ಟೆಲ್ಲಾ ಹೇಳಿದರೂ, ಮೊದಲ ಸಿನಿಮಾ ಸಾಮಾನ್ಯವಾಗಿ ರೀಲ್‌ನಿಂದ ಬರುವುದಿಲ್ಲ. ನಿಮ್ಮ ಜೊತೆ ಮ್ಯೂಸಿಕ್ ವಿಡಿಯೋ ಮಾಡಿದ ನಿರ್ದೇಶಕರಿಗೆ ಒಂದು ದಿನ ಸಿನಿಮಾ ಸಿಗುತ್ತದೆ, ಅವರು ನಿಮ್ಮನ್ನು ಕರೆಯುತ್ತಾರೆ.

ಹೆಣ್ಮಕ್ಕಳಿಗೆ ಈ ಕೆಲಸ ಆಗತ್ತಾ? ಕ್ಯಾಮೆರಾ ಭಾರ ಅಲ್ವಾ?

ಆಗುತ್ತದೆ. ಭಾರದ ಮಾತು ನೆಪ. ಸೆಟ್‌ನಲ್ಲಿ ಭಾರ ಎತ್ತಲು ತಂಡವೇ ಇರುತ್ತದೆ. ಆಸ್ಕರ್‌ನ ಛಾಯಾಗ್ರಹಣ ವಿಭಾಗಕ್ಕೆ ಮೊದಲ ಹೆಣ್ಣು ನಾಮನಿರ್ದೇಶನವಾಗಿದ್ದು 2018ರಲ್ಲಿ, ರೇಚಲ್ ಮಾರಿಸನ್ ಅವರದ್ದು. ಆ ಪ್ರಶಸ್ತಿ ಶುರುವಾಗಿದ್ದು 1929ರಲ್ಲಿ. ನಡುವಿನ ಅಷ್ಟೂ ವರ್ಷ ತಡೆದದ್ದು ಕ್ಯಾಮೆರಾದ ತೂಕವಲ್ಲ.

ದಿನಕ್ಕೆ ಎಷ್ಟು ಗಂಟೆ ಕೆಲಸ? ಅಪಾಯ ಇದೆಯಾ?

12 ಗಂಟೆ ಮಾಮೂಲಿ, ಅದನ್ನು ದಾಟುವುದೂ ಮಾಮೂಲಿ. ಮ್ಯೂಸಿಕ್ ವಿಡಿಯೋಗಳಲ್ಲಿ ಬೆಳಿಗ್ಗೆ ಶುರುವಾಗಿ ಮರುದಿನ ಬೆಳಿಗ್ಗೆ ಮುಗಿಯುವುದೂ ಉಂಟು. 1997ರಲ್ಲಿ ಅಮೆರಿಕದಲ್ಲಿ ಒಬ್ಬ ಕ್ಯಾಮೆರಾ ಅಸಿಸ್ಟೆಂಟ್ ಸುಮಾರು 19 ಗಂಟೆ ಕೆಲಸ ಮುಗಿಸಿ ಕಾರಿನಲ್ಲಿ ಮನೆಗೆ ಹೋಗುವಾಗ ನಿದ್ದೆ ಹತ್ತಿ ತೀರಿಕೊಂಡರು. ಹ್ಯಾಸ್ಕೆಲ್ ವೆಕ್ಸ್ಲರ್ ಎಂಬ ಹಿರಿಯ ಛಾಯಾಗ್ರಾಹಕರು ಅದಾದ ಮೇಲೆ ಕೆಲಸದ ಗಂಟೆಗಳ ಬಗ್ಗೆಯೇ ಡಾಕ್ಯುಮೆಂಟರಿ ಮಾಡಿದರು. 2021ರಲ್ಲಿ ಛಾಯಾಗ್ರಾಹಕಿ ಹಲೀನಾ ಹಚಿನ್ಸ್ ರಿಹರ್ಸಲ್ ವೇಳೆ ಬಂದೂಕಿನಿಂದ ಹಾರಿದ ನಿಜವಾದ ಗುಂಡಿಗೆ ಬಲಿಯಾದರು.

ಬಂದೂಕು, ಬೆಂಕಿ, ಎತ್ತರ, ಚಲಿಸುವ ವಾಹನ ಇದ್ದರೆ ಮೊದಲು ನಿಮ್ಮ ತಂಡವನ್ನು ನೋಡಿಕೊಳ್ಳಿ. ಬಂದೂಕಿನ ಗುರಿ ಕ್ಯಾಮೆರಾ ಕಡೆಗಿದ್ದರೆ ಕ್ಯಾಮೆರಾವನ್ನು ರಿಮೋಟ್‌ನಿಂದ ನಡೆಸಿ. ಬೇಡ ಅನ್ನುವ ಹಕ್ಕು ಛಾಯಾಗ್ರಾಹಕರಿಗಿದೆ. ಕೇಳುತ್ತಾರೆ ಕೂಡ, ಯಾಕೆಂದರೆ ನೀವು ಇಲ್ಲ ಅಂದರೆ ಶಾಟ್ ಇಲ್ಲ.

ನನ್ನನ್ನ ಅಸಿಸ್ಟೆಂಟ್ ಆಗಿ ಸೇರಿಸ್ಕೊಳ್ತೀರಾ?

ತಂಡದಲ್ಲಿ ಜಾಗ ಯಾವಾಗಲೂ ಇರುವುದಿಲ್ಲ, ಆದರೆ ಬರೆಯಿರಿ. 'ನಿಮ್ಮ ಕೆಲಸ ತುಂಬಾ ಇಷ್ಟ' ಎಂದಷ್ಟೇ ಬರೆದರೆ ಏನೂ ಗೊತ್ತಾಗುವುದಿಲ್ಲ. ನೀವೇ ಲೈಟ್ ಮಾಡಿದ ಒಂದು ಚಿಕ್ಕ ದೃಶ್ಯ ಕಳುಹಿಸಿ. ಜೊತೆಗೆ ಕೈಯಲ್ಲಿ ಬರೆದ ಲೈಟ್ ನಕ್ಷೆಯ ಒಂದು ಫೋಟೋ. ಲೈಟ್ ಎಲ್ಲಿತ್ತು, ಯಾಕೆ ಅಲ್ಲಿತ್ತು ಎಂದು ನಾಲ್ಕು ಸಾಲು. ಮೊಬೈಲ್‌ನಲ್ಲಿ ತೆಗೆದಿದ್ದರೂ ಪರವಾಗಿಲ್ಲ. ವಿಡಿಯೋ ಎರಡು ನಿಮಿಷ ದಾಟದಿರಲಿ, ಹಿನ್ನೆಲೆ ಸಂಗೀತ ಬೇಡ.